ಕೈಯಲ್ಲಿ ಬಿಡಿಸಿದ ಚಿತ್ರಗಳಿಂದ ಹಾರರ್ ಸಿನಿಮಾ: ಗೆರೆ ಎಲ್ಲಿ ನಡುಗಬೇಕು, ಎಲ್ಲಿ ನಿಲ್ಲಬೇಕು

ಪೆನ್ಸಿಲ್ ಹಿಡಿದು ಹಾರರ್ ಸಿನಿಮಾ ಮಾಡಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಬಿಡಿಸುವುದು ದೆವ್ವವನ್ನು. ಕೋರೆಹಲ್ಲು, ಕೆದರಿದ ಕೂದಲು, ಕೆಂಪು ಕಣ್ಣು. ಹಾಳೆಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. ಪರದೆಗೆ ಬಂದಾಗ ಮಾತ್ರ ಯಾರೂ ಹೆದರುವುದಿಲ್ಲ. ಇಂಥ ಸಿನಿಮಾದಲ್ಲಿ ಮನುಷ್ಯನೂ ಗೆರೆ, ಮನೆಯೂ ಗೆರೆ, ದೆವ್ವವೂ ಗೆರೆ. ಇದೆಲ್ಲ ಬಿಡಿಸಿದ ಲೋಕ ಎಂದು ನೋಡುವವರು ಶುರುವಿನಲ್ಲೇ ಒಪ್ಪಿಕೊಂಡು ಕೂತಿರುತ್ತಾರೆ. ಆಮೇಲೆ ಎಷ್ಟು ವಿಕಾರವಾದ ಮುಖ ತಂದರೂ ಅದು ಇನ್ನೊಂದು ಚಿತ್ರ, ಅಷ್ಟೇ.

ಆ ಲೋಕದಲ್ಲಿ ಗೆರೆಗೆ ಒಂದು ನಡತೆ ಇರುತ್ತದೆ. ಬದುಕಿರುವುದೆಲ್ಲ ಸಣ್ಣಗೆ ನಡುಗುತ್ತಿರುತ್ತದೆ, ಸತ್ತದ್ದು ನಿಂತಿರುತ್ತದೆ. ಈ ನಡತೆಯನ್ನು ಮೊದಲು ಅಭ್ಯಾಸ ಮಾಡಿಸಿ, ಆಮೇಲೆ ಒಂದೇ ಕಡೆ ಮುರಿದರೆ ಹೊಟ್ಟೆಯಲ್ಲಿ ತಣ್ಣಗಾಗುವ ಭಯ ಹುಟ್ಟುತ್ತದೆ. ಇದಕ್ಕೆ ಸಾವಿರಾರು ಚಿತ್ರ ಬೇಕಿಲ್ಲ. ಹಾರರ್‌ನಲ್ಲಿ ಚಿತ್ರ ಕಡಿಮೆಯಾದಷ್ಟೂ ಕೆಲಸ ಗಟ್ಟಿಯಾಗುತ್ತದೆ. ಮಂಗಳೂರು, ಉಡುಪಿ ಕಡೆಯ ಎರಡು ಮೂರು ಮಂದಿಯ ತಂಡವೊಂದು ಹಂಚಿನ ಮನೆ, ಮಳೆ, ಆಟಿ ತಿಂಗಳು (ತುಳುವರ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್ ಹೊತ್ತು) ಇಟ್ಟುಕೊಂಡು ನಾಲ್ಕು ನಿಮಿಷದ ಸಿನಿಮಾ ಮಾಡುತ್ತದೆ ಎಂದಿಟ್ಟುಕೊಂಡು ಇಡೀ ಕ್ರಮವನ್ನು ನೋಡೋಣ.

ಚಿತ್ರಗಳ ಲೆಕ್ಕ

ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್. ಪ್ರತಿ ಫ್ರೇಮಿಗೂ ಹೊಸ ಚಿತ್ರ ಬಿಡಿಸಿದರೆ ಅದು ‘ಆನ್ ವನ್ಸ್’, ಸೆಕೆಂಡಿಗೆ 24 ಚಿತ್ರ. ಒಂದು ಚಿತ್ರವನ್ನು ಎರಡು ಫ್ರೇಮ್ ಇಟ್ಟರೆ ‘ಆನ್ ಟೂಸ್’, 12 ಚಿತ್ರ. ಮೂರು ಫ್ರೇಮ್ ಇಟ್ಟರೆ ‘ಆನ್ ಥ್ರೀಸ್’, 8 ಚಿತ್ರ. ನಾಲ್ಕು ನಿಮಿಷ ಅಂದರೆ 5,760 ಫ್ರೇಮ್. ಪೂರ್ತಿ ಟೂಸ್‌ನಲ್ಲಿ ಮಾಡಿದರೆ 2,880 ಚಿತ್ರ. ಒಂದಕ್ಕೆ 12 ನಿಮಿಷ ಹಿಡಿದರೂ 576 ಗಂಟೆ. ದಿನಕ್ಕೆ ಮೂರು ಗಂಟೆ ಕೂತರೆ ಆರು ತಿಂಗಳು ದಾಟುತ್ತದೆ. ಇಂಥ ಸಿನಿಮಾಗಳು ಅರ್ಧಕ್ಕೆ ನಿಲ್ಲುವುದು ಇಲ್ಲಿಯೇ.

ಅದೇ 240 ಸೆಕೆಂಡನ್ನು ಬೇರೆ ಥರ ಹಂಚಬಹುದು. 90 ಸೆಕೆಂಡು ನಿಂತ ಚಿತ್ರಗಳು: ಎರಡು ಮೂರು ಲೇಯರ್, ನಿಧಾನಕ್ಕೆ ಸರಿಯುವ ಕ್ಯಾಮೆರಾ, 20 ಶಾಟ್‌ಗೆ ಸುಮಾರು 60 ಚಿತ್ರ. 60 ಸೆಕೆಂಡು, ಪಾತ್ರ ಕೂತಿದೆ ಅಥವಾ ನಿಂತಿದೆ, ಗೆರೆ ಮಾತ್ರ ನಡುಗುತ್ತಿದೆ: 12 ಶಾಟ್‌ಗೆ ನಾಲ್ಕರಂತೆ 48 ಚಿತ್ರ. 60 ಸೆಕೆಂಡು ಥ್ರೀಸ್‌ನಲ್ಲಿ ಸಾಮಾನ್ಯ ಚಲನೆ, 480 ಚಿತ್ರ. ಉಳಿದ 30 ಸೆಕೆಂಡು ಟೂಸ್‌ನಲ್ಲಿ, 360 ಚಿತ್ರ. ಒಟ್ಟು 948. ಕೆಲಸ ಮೂರನೇ ಒಂದು ಪಾಲಿಗೆ ಇಳಿಯಿತು, ಎರಡು ತಿಂಗಳ ಸಂಜೆಗಳಲ್ಲಿ ಮುಗಿಯುವಷ್ಟಾಯಿತು.

ಈ ಹಂಚಿಕೆಯಲ್ಲಿ ಕ್ಯಾಮೆರಾ ಚಲನೆಯನ್ನು ಮಾತ್ರ ಯಾವಾಗಲೂ ವನ್ಸ್‌ನಲ್ಲಿ ಇಡಬೇಕು. ಚಿತ್ರ ಥ್ರೀಸ್‌ನಲ್ಲಿದ್ದರೂ ಪ್ಯಾನ್ ಪ್ರತಿ ಫ್ರೇಮಿಗೂ ಸರಿಯಬೇಕು, ಇಲ್ಲವಾದರೆ ಅಂಚುಗಳು ಕುಪ್ಪಳಿಸಿದಂತೆ ಕಂಡು ಕಣ್ಣು ನೋಯುತ್ತದೆ.

ಇನ್ನೊಂದು ಉಪಾಯ ಹಾರರ್‌ಗೆಂದೇ ಹೇಳಿ ಮಾಡಿಸಿದ್ದು. ಮನೆಮಂದಿಯೆಲ್ಲ ಥ್ರೀಸ್‌ನಲ್ಲಿ ನಡೆದಾಡಲಿ. ಬರಬಾರದ ವಸ್ತು ಬಂದಾಗ ಅದೊಂದನ್ನೇ ವನ್ಸ್‌ನಲ್ಲಿ ಬಿಡಿಸಿ. ಮೂರು ಸೆಕೆಂಡಿಗೆ 72 ಚಿತ್ರ ಖರ್ಚಾಗುತ್ತದೆ, ಆದರೆ ತೊದಲುವ ಲೋಕದ ನಡುವೆ ಎಣ್ಣೆ ಹಾಕಿದ ಹಾಗೆ ಜಾರಿಬರುವ ಆ ಚಲನೆಯನ್ನು ಕಣ್ಣು ಒಪ್ಪುವುದೇ ಇಲ್ಲ. ಏನು ವ್ಯತ್ಯಾಸ ಎಂದು ನೋಡುವವರಿಗೆ ಬಿಡಿಸಿ ಹೇಳಲು ಬರದು, ‘ಇದು ನಮ್ಮದಲ್ಲ’ ಅನ್ನಿಸುವುದಂತೂ ಖಂಡಿತ.

ನಡುಕ

ಒಂದೇ ಚಿತ್ರವನ್ನು ಮೂರು ಸಲ ನಕಲು ತೆಗೆದು ಸರದಿಯಲ್ಲಿ ಓಡಿಸಿದರೆ ಗೆರೆ ಜೀವ ಬಂದಂತೆ ನಡುಗುತ್ತದೆ. ಅನಿಮೇಷನ್ ಮಾಡುವವರು ಇದನ್ನು ‘ಬಾಯ್ಲ್’, ಅಂದರೆ ಕುದಿತ, ಎನ್ನುತ್ತಾರೆ. ಎರಡೇ ನಕಲು ಇಟ್ಟರೆ ಅದು ಕಣ್ಣು ಮಿಟುಕಿಸಿದಂತೆ ಆಚೀಚೆ ಹೊಡೆಯುತ್ತದೆ. ಮೂರು ಕನಿಷ್ಠ, ನಾಲ್ಕು ಉತ್ತಮ. 1-2-3-4 ಎಂದು ಒಂದೇ ಕ್ರಮದಲ್ಲಿ ತಿರುಗಿಸಿದರೆ ಎರಡು ಸೆಕೆಂಡಿನೊಳಗೆ ಆ ತಾಳ ಗೊತ್ತಾಗಿಬಿಡುತ್ತದೆ. 1-3-2-4-2-1-4-3 ಎಂಬಂತೆ ಕಲಸಿ ಇಡಬೇಕು, ಒಂದೇ ಸಂಖ್ಯೆ ಬೆನ್ನಿಗೆ ಬೆನ್ನು ಬರಬಾರದು. ಪ್ರತಿ ಚಿತ್ರಕ್ಕೆ 3 ಫ್ರೇಮ್ ಕೊಟ್ಟರೆ ಸಹಜ ಉಸಿರಾಟ, 2 ಕೊಟ್ಟರೆ ಗಾಬರಿ, 4 ಕೊಟ್ಟರೆ ಮಂಪರು.

ನಕಲುಗಳ ನಡುವಿನ ವ್ಯತ್ಯಾಸ ಗೆರೆಯ ದಪ್ಪದೊಳಗೇ ಇರಲಿ. ಅರ್ಧ ಮಿಲಿಮೀಟರ್ ಪೆನ್ನಾದರೆ ಅರ್ಧ ಮಿಲಿಮೀಟರ್‌ಗಿಂತ ಹೆಚ್ಚು ಸರಿಯಬಾರದು. ಒಂದು ಮಿಲಿಮೀಟರ್ ದಾಟಿತೋ, ಭೂಕಂಪದ ಹಾಗೆ ಕಾಣುತ್ತದೆ. ಇಲ್ಲಿ ಬಹುಪಾಲು ಮಂದಿ ಎಡವುವುದು ಒಂದೇ ಜಾಗದಲ್ಲಿ: ಎರಡನೆಯದನ್ನು ಮೊದಲನೆಯದರಿಂದ, ಮೂರನೆಯದನ್ನು ಎರಡನೆಯದರಿಂದ, ನಾಲ್ಕನೆಯದನ್ನು ಮೂರನೆಯದರಿಂದ ನಕಲು ತೆಗೆಯುತ್ತಾರೆ. ತಪ್ಪು ಕೂಡುತ್ತಾ ಹೋಗಿ ನಾಲ್ಕನೆಯ ಮುಖ ಬೇರೆಯವರ ಮುಖವಾಗಿರುತ್ತದೆ. ಎಷ್ಟೇ ನಕಲು ಬೇಕಾದರೂ ಎಲ್ಲವನ್ನೂ ಒಂದನೇ ಚಿತ್ರದಿಂದಲೇ ತೆಗೆಯಬೇಕು. ಕಣ್ಣು ಮತ್ತು ಬಾಯಿಯ ಮೂಲೆಗಳನ್ನು ಬಿಗಿಯಾಗಿ ಹಿಡಿಯಿರಿ, ಬಟ್ಟೆ ಕೂದಲುಗಳಿಗೆ ಸಡಿಲ ಬಿಡಿ. ಒತ್ತೊತ್ತಾಗಿ ಎಳೆದ ಅಡ್ಡಗೆರೆಗಳ ನೆರಳು ತುಂಬ ಕುದಿಯುತ್ತದೆ, ಗಟ್ಟಿ ಕಪ್ಪು ತುಂಬಿದ ಭಾಗ ಅಂಚಿನಲ್ಲಿ ಮಾತ್ರ ನಡುಗುತ್ತದೆ. ಯಾವುದು ಎಲ್ಲಿ ಎಂಬುದನ್ನು ಶಾಟ್‌ಗಳನ್ನು ಸಾಲಾಗಿ ಬಿಡಿಸಿಟ್ಟ ಸ್ಟೋರಿಬೋರ್ಡ್‌ನಲ್ಲೇ ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು.

ಒಂದು ಶಾಟ್, 240 ಫ್ರೇಮ್

ಆಟಿಯಲ್ಲಿ ತೀರಿಹೋದವರಿಗೆಂದು ಎಲೆ ಹಾಕಿ ಬಡಿಸುವುದು ತುಳುನಾಡಿನ ಮನೆಗಳಲ್ಲಿ ಹೊಸದೇನಲ್ಲ. ಬಡಿಸಿಟ್ಟು, ಬಾಗಿಲು ಎಳೆದುಕೊಂಡು, ಮನೆಯವರು ಸ್ವಲ್ಪ ಹೊತ್ತು ಹೊರಗೆ ಕೂರುವುದೂ ಉಂಟು. ಆ ಮುಚ್ಚಿದ ಕೋಣೆಯ ಒಳಗಿನ ಶಾಟ್ ಒಂದನ್ನು ತೆಗೆದುಕೊಳ್ಳೋಣ. ನೆಲದ ಮೇಲೆ ಬಾಳೆಎಲೆ, ಅನ್ನ, ಪದಾರ್ಥ. ಪಕ್ಕದಲ್ಲಿ ಕಾಲುದೀಪ. ಹಿಂದೆ ಮರದ ಸರಳಿನ ಕಿಟಕಿ, ಹೊರಗೆ ಮಳೆ. ಹತ್ತು ಸೆಕೆಂಡು, 240 ಫ್ರೇಮ್.

ಹಿನ್ನೆಲೆ ಒಂದೇ ಚಿತ್ರ. ದೀಪದ ಕುಡಿಗೆ ನಾಲ್ಕು ಚಿತ್ರ, ಥ್ರೀಸ್‌ನಲ್ಲಿ, ಕಲಸಿದ ಕ್ರಮದಲ್ಲಿ. ಕಿಟಕಿಯ ಮಳೆಗೆರೆಗೆ ಮೂರು ಚಿತ್ರ, ಟೂಸ್‌ನಲ್ಲಿ. ಫ್ರೇಮ್ 1ರಿಂದ 144ರವರೆಗೆ, ಅಂದರೆ ಪೂರಾ ಆರು ಸೆಕೆಂಡು, ಕುಡಿ ನಡುಗುತ್ತಿದೆ, ಮಳೆ ಸುರಿಯುತ್ತಿದೆ, ಬೇರೇನೂ ಇಲ್ಲ. 145ರಲ್ಲಿ ಕುಡಿ ತನ್ನ ಮೂರನೇ ಚಿತ್ರದಲ್ಲಿ ನಿಂತುಬಿಡುತ್ತದೆ. 180ರವರೆಗೆ ಅಲುಗುವುದಿಲ್ಲ. ಒಂದೂವರೆ ಸೆಕೆಂಡು. ದೀಪ ಆರಿಲ್ಲ, ಬೆಳಕು ಕಡಿಮೆಯಾಗಿಲ್ಲ, ನಡುಕ ಮಾತ್ರ ನಿಂತಿದೆ. 181ರಿಂದ 200ರವರೆಗೆ ಎಲೆಯ ತುದಿ ನೆಲಕ್ಕೆ ಒತ್ತಿಕೊಳ್ಳುತ್ತದೆ, ಯಾರೋ ಬೆರಳೂರಿದಂತೆ. ಇದಕ್ಕೆ ಐದು ಚಿತ್ರ, ತಲಾ 4 ಫ್ರೇಮ್. ಉಳಿದ 40 ಫ್ರೇಮ್ ಹಾಗೇ ಬಿಡಿ. ಒಟ್ಟು 13 ಚಿತ್ರ.

ಈ ಶಾಟ್‌ನಲ್ಲಿ ಮಳೆಗೆರೆ ಯಾಕೆ ಬೇಕು? ಅದೂ ನಿಂತರೆ ವಿಡಿಯೊ ಸಿಕ್ಕಿಹಾಕಿಕೊಂಡಿದೆ ಅಂದುಕೊಂಡು ಜನ ಮೊಬೈಲ್ ತಟ್ಟುತ್ತಾರೆ. ಏನೋ ಒಂದು ಚಲಿಸುತ್ತಲೇ ಇದ್ದರೆ ಮಾತ್ರ ಇನ್ನೊಂದು ನಿಂತದ್ದು ಅರಿವಿಗೆ ಬರುತ್ತದೆ. ಮಳೆಯ ಸದ್ದೂ ಒಂದೇ ಮಟ್ಟದಲ್ಲಿ ಮುಂದುವರಿಯಲಿ. 145ನೇ ಫ್ರೇಮಿಗೆ ಸಂಗೀತದ ಒಂದು ಏಟು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹಾಕಿದರೆ ಕುಡಿ ನಿಂತದ್ದನ್ನು ನೋಡುವವರೇ ಕಂಡುಹಿಡಿಯುವ ಅವಕಾಶ ಹೋಯಿತು, ಶಾಟ್ ಸತ್ತಿತು. ಮೊದಲ ಆರು ಸೆಕೆಂಡನ್ನು ಮೂರಕ್ಕೆ ಇಳಿಸುವುದೂ ಹಾಗೆಯೇ. ನಡುಗುವ ಕುಡಿ ಕಣ್ಣಿಗೆ ಅಭ್ಯಾಸವಾಗಲು ಅಷ್ಟು ಹೊತ್ತು ಬೇಕೇ ಬೇಕು.

ಈ ಲೆಕ್ಕವನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳಲು ಆಗದು. ಎಕ್ಸ್‌ಪೋಷರ್ ಶೀಟ್ ಎಂಬ ಚೌಕುಳಿ ಹಾಳೆ ಇದಕ್ಕೆಂದೇ ಇರುವುದು. ಪ್ರತಿ ಸಾಲು ಒಂದು ಫ್ರೇಮ್, ಪ್ರತಿ ಕಾಲಂ ಒಂದು ಲೇಯರ್, ಪಕ್ಕದಲ್ಲಿ ಸದ್ದಿಗೊಂದು ಕಾಲಂ. ಒಂದು ಪುಟಕ್ಕೆ 96 ಸಾಲು, ನಾಲ್ಕು ಸೆಕೆಂಡು. ಚಿತ್ರ ಬಿಡಿಸುವ ಮೊದಲೇ ಇದು ತುಂಬಿರಬೇಕು.

ಕಥೆ, ತೆರೆ, ದೈವ

ನಮ್ಮಲ್ಲಿ ಹಾರರ್ ಅಂದ ಕೂಡಲೇ ಭೂತಕೋಲದ ವೇಷ, ಬೆನ್ನಿಗೆ ಕಟ್ಟುವ ಅಣಿ, ಮುಖವರ್ಣಿಕೆಯ ಕಡೆಗೆ ಕೈ ಹೋಗುತ್ತದೆ. ಬೇಡ. ದೈವ ಇಲ್ಲಿಯವರಿಗೆ ನಂಬಿಕೆಯ ವಿಷಯ, ಕಷ್ಟಕ್ಕೆ ಕರೆಯುವ ಹೆಸರು. ಅದನ್ನು ಕತ್ತಲಲ್ಲಿ ಬೆನ್ನಟ್ಟುವ ಪಿಶಾಚಿ ಮಾಡಿದರೆ ನೋವಾಗುತ್ತದೆ. ಕಥೆಗೂ ಅದು ಸುಳ್ಳು, ಯಾಕೆಂದರೆ ಇಲ್ಲಿ ಹುಟ್ಟಿ ಬೆಳೆದವರು ದೈವದ ಮುಂದೆ ನಿಲ್ಲುವುದು ಭಕ್ತಿಯಿಂದ, ಓಡುವುದಿಲ್ಲ. ಹೆದರಿಕೆಗೆ ಬೇರೆ ಸಾಮಗ್ರಿ ಬೇಕಾದಷ್ಟಿದೆ. ಸತ್ತ ಮಕ್ಕಳು ಪ್ರಾಯಕ್ಕೆ ಬಂದರೆಂದು ಎಣಿಸಿ ಮಾಡುವ ಕುಲೆ (ಸತ್ತವರ ಆತ್ಮ) ಮದುವೆ ಇದೆ. ಯಾರೂ ಇಳಿಯದ ಬಾವಿ, ಬೀಗ ಹಾಕಿದ ಅಟ್ಟ, ಗಾಜಿನ ಹಂಚಿನಿಂದ ಮಧ್ಯಾಹ್ನ ಕೋಣೆಗೆ ಬೀಳುವ ಒಂದೇ ಒಂದು ಬೆಳಕಿನ ಚೌಕ, ಇವೆಲ್ಲ ಇವೆ. ಕುಲೆಯ ಕಥೆಯಲ್ಲೂ ದುಃಖ ದೊಡ್ಡದು, ಹೆದರಿಕೆ ಅದರ ನೆರಳು. ಆ ಕ್ರಮದಲ್ಲೇ ಬರೆದರೆ ಕಥೆ ನಿಲ್ಲುತ್ತದೆ.

ಯಕ್ಷಗಾನದಿಂದ ಕಲಿಯಬೇಕಾದದ್ದು ವೇಷಕ್ಕಿಂತ ಹೆಚ್ಚಾಗಿ ಪ್ರವೇಶದ ಕ್ರಮ. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಎದ್ದು ಬರುವಾಗ ಮೊದಲು ಚೆಂಡೆ, ಆಮೇಲೆ ಆರ್ಭಟೆ, ತೆರೆಯ ಮೇಲಂಚಿನಲ್ಲಿ ಕಿರೀಟ. ಮುಖ ಕಾಣುವುದು ತುಂಬ ಆಮೇಲೆ. ಅಕ್ಕಿಹಿಟ್ಟು ಸುಣ್ಣದ ಉಬ್ಬು ಚುಕ್ಕಿಗಳ ಚುಟ್ಟಿ ಇಟ್ಟು ಗಂಟೆಗಟ್ಟಲೆ ಬರೆದ ಮುಖವನ್ನು ಕೂಡ ಅವರು ತಟ್ಟನೆ ತೋರಿಸಿಬಿಡುವುದಿಲ್ಲ. ನಿಮ್ಮ ಸಿನಿಮಾದಲ್ಲೂ ತೆರೆಯಾಗಬಲ್ಲದ್ದು ಏನು ಎಂದು ಹುಡುಕಿ. ಒಣಹಾಕಿದ ಸೀರೆ, ಒಲೆಯ ಹೊಗೆ, ಅಡಿಕೆ ಮರಗಳ ಸಾಲು. ಅಡಿಕೆ ತೋಟ ಇದಕ್ಕೆ ಬಹಳ ಒಳ್ಳೆಯದು: ಮೂರು ಲೇಯರ್‌ನಲ್ಲಿ ಮರಗಳನ್ನು ಬಿಡಿಸಿ ಬೇರೆ ಬೇರೆ ವೇಗದಲ್ಲಿ ಸರಿಸಿದರೆ, ನಡುವೆ ನಿಂತದ್ದು ಮರವೋ ಮನುಷ್ಯನೋ ತಿಳಿಯುವುದಿಲ್ಲ.

ಬಿಡಿಸುವ ಮೊದಲು ಅನಿಮ್ಯಾಟಿಕ್ ಮಾಡಲೇಬೇಕು. ಕಡ್ಡಿಗೊಂಬೆಯಂಥ ಒರಟು ಚಿತ್ರಗಳನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು, ಮಳೆಯ ಸದ್ದು, ಮಾತು ಸೇರಿಸಿ, ಸರಿಯಾದ ಅವಧಿಗೆ ಜೋಡಿಸಿ, ಕಥೆ ಗೊತ್ತಿಲ್ಲದವರಿಗೆ ರಾತ್ರಿ ತೋರಿಸಿ. ಕಡ್ಡಿಗೊಂಬೆಗೆ ಹೆದರದವರು ಚೆಂದದ ಚಿತ್ರಕ್ಕೂ ಹೆದರುವುದಿಲ್ಲ. ಒಂದು ವಾರದ ಈ ಕೆಲಸ ನೂರಾರು ಚಿತ್ರಗಳನ್ನು ಉಳಿಸುತ್ತದೆ.

ಕಾಗದ, ತೂತು, ಮಳೆಗಾಲ

ಪ್ರತಿ ಹಾಳೆಯೂ ಒಂದೇ ಜಾಗದಲ್ಲಿ ಕೂರಬೇಕು. ಇದಕ್ಕೆ ಪೆಗ್ ಬಾರ್ ಬೇಕು. ಸ್ಟುಡಿಯೋಗಳ ಮೂರು ಗೂಟದ ಆಕ್ಮೆ ಪೆಗ್ ಬಾರ್‌ಗೆ ತಕ್ಕ ಪಂಚ್ ದುಬಾರಿ. ಆಫೀಸಿನ ಎರಡು ತೂತಿನ ಪಂಚ್ ಸಾಕು. ಅದರ ತೂತುಗಳ ನಡುವಿನ ಅಂತರ 80 ಮಿ.ಮೀ., ತೂತಿನ ವ್ಯಾಸ 6 ಮಿ.ಮೀ., ಇದು ಅಂತಾರಾಷ್ಟ್ರೀಯ ಅಳತೆ. 5 ಮಿ.ಮೀ. ದಪ್ಪದ ಅಕ್ರಿಲಿಕ್ ಪಟ್ಟಿಯಲ್ಲಿ 80 ಮಿ.ಮೀ. ಅಂತರಕ್ಕೆ ಎರಡು 6 ಮಿ.ಮೀ. ಸ್ಟೀಲ್ ಪಿನ್ ಕೂರಿಸಿದರೆ ಪೆಗ್ ಬಾರ್ ತಯಾರು. ಹಾಳೆ ಸ್ವಲ್ಪ ಬಿಗಿಯಾಗಿ ಇಳಿಯಬೇಕು. ಹಾಕಿ ತೆಗೆದು ತೂತು ಸಡಿಲಾದ ಹಾಳೆಯನ್ನು ಇನ್ನೊಂದಕ್ಕೆ ನಕಲು ಮಾಡಿ ಬಿಟ್ಟುಬಿಡಿ. ಒಮ್ಮೆಗೆ ನಾಲ್ಕೈದು ಹಾಳೆಗಿಂತ ಹೆಚ್ಚು ಪಂಚ್ ಮಾಡಬೇಡಿ, ಕೆಳಗಿನ ಹಾಳೆಗಳು ಜಾರುತ್ತವೆ. ಕೆಳಗೆ ಹಾಲುಬಿಳಿ ಅಕ್ರಿಲಿಕ್ ಹಾಕಿ ಎಲ್‌ಇಡಿ ಪ್ಯಾನೆಲ್ ಇಟ್ಟರೆ ಲೈಟ್ ಬಾಕ್ಸ್ ಆಯಿತು.

ಎ4 ಹಾಳೆಯಲ್ಲಿ 256 × 144 ಮಿ.ಮೀ. ಚೌಕಟ್ಟು ಹಾಕಿಕೊಳ್ಳಿ, ಅದು ಸರಿಯಾಗಿ 16:9. ಸುತ್ತ ಉಳಿಯುವ ಜಾಗದಲ್ಲಿ ತೂತು, ಶಾಟ್ ಸಂಖ್ಯೆ, ನಾಲ್ಕು ಮೂಲೆಗೆ ಸಣ್ಣ ಕೂಡು ಗುರುತು. ಕಾಗದದ ತೂಕ (ಚದರ ಮೀಟರಿಗೆ ಗ್ರಾಂ) 75 ಅಥವಾ 80 ಜಿಎಸ್‌ಎಂ. ಅದಕ್ಕಿಂತ ದಪ್ಪವಾದರೆ ಮೂರು ಹಾಳೆಯ ಕೆಳಗಿನ ಗೆರೆ ಲೈಟ್ ಬಾಕ್ಸ್ ಮೇಲೂ ಕಾಣುವುದಿಲ್ಲ.

ಇನ್ನು ಕರಾವಳಿಯ ದೊಡ್ಡ ತಲೆನೋವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿ ಒದ್ದೆ ಬಟ್ಟೆಯಂತಿರುತ್ತದೆ, ಕಾಗದ ಆ ತೇವವನ್ನು ಹೀರುತ್ತದೆ. ಕಾಗದದ ನಾರು ತೇವಕ್ಕೆ ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಹಿಗ್ಗುವುದರಿಂದ ಹಾಳೆಯೂ ಒಂದು ದಿಕ್ಕಿಗೆ ಮಾತ್ರ ದೊಡ್ಡದಾಗುತ್ತದೆ. ಹಾಳೆ ಅರ್ಧ ಮಿಲಿಮೀಟರ್ ಹಿಗ್ಗಿದರೂ 200 ಡಿಪಿಐ (ಇಂಚಿಗೆ 200 ಚುಕ್ಕಿ) ಸ್ಕ್ಯಾನ್‌ನಲ್ಲಿ ನಾಲ್ಕು ಪಿಕ್ಸೆಲ್. ಬಿಸಿಲಿನ ದಿನ ಬಿಡಿಸಿದ ಹಿನ್ನೆಲೆಯ ಮೇಲೆ ಮಳೆಯ ದಿನ ಬಿಡಿಸಿದ ಪಾತ್ರ ಕೂತರೆ ಕಾಲು ನೆಲ ಬಿಟ್ಟು ತೇಲುತ್ತದೆ. ಪರಿಹಾರ ಹೀಗೆ. ಬಂಡಲ್ ಒಡೆದು ಹಾಳೆಗಳನ್ನು ಕೆಲಸದ ಕೋಣೆಯಲ್ಲೇ ಒಂದು ದಿನ ಹರವಿಟ್ಟು ಆಮೇಲೆ ಪಂಚ್ ಮಾಡಿ. ಒಂದು ಶಾಟ್‌ನ ಬಾಯ್ಲ್ ಚಿತ್ರಗಳನ್ನೆಲ್ಲ ಒಂದೇ ಕೂರುವಿಕೆಯಲ್ಲಿ ಮುಗಿಸಿ, ಆ ದಿನವೇ ಸ್ಕ್ಯಾನ್ ಮಾಡಿ. ಇಡೀ ಸಿನಿಮಾಕ್ಕೆ ಒಂದೇ ಕಂಪೆನಿಯ ಕಾಗದ ತನ್ನಿ. ನಾರಿನ ದಿಕ್ಕು ತಿಳಿಯಲು ಒಂದು ತುಂಡಿನ ಒಂದು ಬದಿಗೆ ನೀರು ಸವರಿ: ಅದು ಕೊಳವೆಯಂತೆ ಸುರುಳುತ್ತದೆ, ಆ ಕೊಳವೆ ಚಾಚಿಕೊಂಡ ದಿಕ್ಕೇ ನಾರಿನ ದಿಕ್ಕು. ಮುಗಿದ ಹಾಳೆಗಳು ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇರಲಿ. ಇಲ್ಲದಿದ್ದರೆ ಎರಡು ವಾರದಲ್ಲಿ ಬೂಸ್ಟು. ಅನುಕೂಲವಿದ್ದವರು ಡಿಹ್ಯುಮಿಡಿಫೈಯರ್ ಹಾಕಿ ಕೋಣೆಯ ತೇವಾಂಶವನ್ನು ಶೇ 55ರ ಆಸುಪಾಸು ನಿಲ್ಲಿಸಿಕೊಂಡರೆ ಅರ್ಧ ಸಮಸ್ಯೆ ಹೋಗುತ್ತದೆ. ಇಂಡಿಯನ್ ಇಂಕ್ ಕೂಡ ಮಳೆಗಾಲದಲ್ಲಿ ಒಣಗಲು ತಡ. ಒಂದರ ಮೇಲೊಂದು ಪೇರಿಸದೆ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಬೇಕು.

ಕತ್ತಲೆ ಬಿಡಿಸುವುದು

ರಾತ್ರಿಯ ಸಿನಿಮಾ ಎಂದು ಪ್ರತಿ ಹಾಳೆಗೂ ಕಪ್ಪು ತುಂಬುತ್ತಾ ಕೂತರೆ ಇಂಕೂ ಹೋಯಿತು, ಕೈಯೂ ಹೋಯಿತು. ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಎಳೆದು, ಸ್ಕ್ಯಾನ್ ಆದಮೇಲೆ ಕಪ್ಪು ಬಿಳಿಯನ್ನು ತಿರುಗುಮುರುಗು ಮಾಡಿ. ಕಪ್ಪಿನ ಮೇಲೆ ಬಿಳಿ ಗೆರೆ ಸಿಗುತ್ತದೆ. ಇದು ಬಹಳ ಹಳೆಯ ಯುಕ್ತಿ. 1908ರಲ್ಲಿ ಫ್ರಾನ್ಸಿನ ಎಮಿಲ್ ಕೋಲ್ ಸುಮಾರು 700 ಚಿತ್ರಗಳಿಂದ ಮಾಡಿದ ಕಿರುಚಿತ್ರವನ್ನು ನೆಗೆಟಿವ್ ಆಗಿ ಮುದ್ರಿಸಿಯೇ ಕಪ್ಪು ಹಲಗೆಯ ಮೇಲಿನ ಸೀಮೆಸುಣ್ಣದ ನೋಟ ತಂದದ್ದು. ಆದರೆ ತಿರುಗಿಸಿದಾಗ ಕಣ್ಣಿನ ಬಿಳಿಯೂ ಕಪ್ಪಾಗುತ್ತದೆ ಎಂಬುದು ನೆನಪಿರಲಿ. ಹೊಳೆಯಬೇಕಾದ ಜಾಗವನ್ನೆಲ್ಲ ಹಾಳೆಯ ಮೇಲೆ ಕಪ್ಪು ಮಾಡಿಕೊಳ್ಳಬೇಕು.

ರೂಪ ಬದಲಾಗುವ ಶಾಟ್‌ಗಳಿಗೆ ಇದ್ದಿಲು. ಒಂದೇ ದಪ್ಪ ಹಾಳೆ, 200 ಜಿಎಸ್‌ಎಂಗೆ ಮೇಲ್ಪಟ್ಟು, ಸ್ವಲ್ಪ ಒರಟು ಮೈಯದ್ದು. ಬಿಡಿಸು, ಫೋಟೊ ತೆಗೆ, ಸ್ವಲ್ಪ ಅಳಿಸು, ಮುಂದಿನದು ಬಿಡಿಸು, ಮತ್ತೆ ಫೋಟೊ. ಅಳಿಸಿದ ಗೆರೆಯ ಮಸಿ ಪೂರ್ತಿ ಹೋಗದೆ ಹಿಂದೆ ಉಳಿಯುತ್ತದೆ. ನಡೆದುಹೋದವನ ಗುರುತು ಗಾಳಿಯಲ್ಲಿ ನಿಂತಂತೆ ಕಾಣುತ್ತದೆ. ದಕ್ಷಿಣ ಆಫ್ರಿಕಾದ ಕಲಾವಿದ ವಿಲಿಯಂ ಕೆಂಟ್ರಿಜ್ 1989ರಿಂದ ಈ ಕ್ರಮದಲ್ಲೇ ಸಿನಿಮಾ ಮಾಡುತ್ತಾ ಬಂದವರು. ಸತ್ತವರು ಮನೆ ಬಿಟ್ಟುಹೋಗದ ಕಥೆಗೆ ಇದಕ್ಕಿಂತ ತಕ್ಕ ವಿಧಾನ ಇನ್ನೊಂದಿಲ್ಲ. ಅಪಾಯ ಏನೆಂದರೆ ಹಿಂದಕ್ಕೆ ಹೋಗಲು ಬರುವುದಿಲ್ಲ. ಮೂವತ್ತನೇ ಚಿತ್ರದಲ್ಲಿ ಕೈ ತಪ್ಪಿದರೆ ಮೊದಲಿನಿಂದ ಶುರು. ಬೆವರಿದ ಅಂಗೈ ಇದ್ದಿಲನ್ನು ಬಳಿದುಬಿಡುತ್ತದೆ, ಆದ್ದರಿಂದ ಹಾಳೆಗೆ ತಾಗದಂತೆ ಅಡ್ಡಲಾಗಿ ಮರದ ಪಟ್ಟಿಯೊಂದನ್ನು ಇಟ್ಟು ಅದರ ಮೇಲೆ ಕೈ ಊರಿ. ಇದ್ದಿಲನ್ನು ಹಾಳೆಗೆ ಹಿಡಿಸುವ ಫಿಕ್ಸೆಟಿವ್ ಸಿಂಪಡಿಸುವುದು ಶಾಟ್ ಮುಗಿದ ಮೇಲೆ, ಹೊರಗೆ ಗಾಳಿಯಲ್ಲಿ.

ಬಣ್ಣ ಬೇಕೆನಿಸಿದರೆ ಕರಾವಳಿಯ ಹಳೆಯ ದೇವಸ್ಥಾನ, ಮನೆಗಳ ಕಾವಿ ಕಲೆಯನ್ನು ನೋಡಿ. ಸುಣ್ಣದ ಬಿಳಿ, ಕಾವಿಯ ಕೆಂಪು, ಎರಡೇ. ಕೆಂಪು ಲೇಪ ಕೆರೆದು ಬಿಳಿ ತೆಗೆಯುವ ಆ ಕ್ರಮ ಪರದೆಯ ಮೇಲೂ ನಿಲ್ಲುತ್ತದೆ.

ಸ್ಕ್ಯಾನರ್ ಮತ್ತು ಕ್ಯಾಮೆರಾ

ಬಿಡಿ ಹಾಳೆಗಳಿಗೆ ಫ್ಲ್ಯಾಟ್‌ಬೆಡ್ ಸ್ಕ್ಯಾನರ್. 256 ಮಿ.ಮೀ. ಚೌಕಟ್ಟು 200 ಡಿಪಿಐನಲ್ಲಿ ಸುಮಾರು 2,015 ಪಿಕ್ಸೆಲ್ ಅಗಲ ಬರುತ್ತದೆ. 1920 ಪಿಕ್ಸೆಲ್ ಅಗಲದ ಎಚ್‌ಡಿಗೆ ಸಾಕು. 4ಕೆ ಬೇಕಾದರೆ 400 ಡಿಪಿಐ. ಪೆಗ್ ಬಾರನ್ನು ಸ್ಕ್ಯಾನರ್‌ನ ಅಂಚಿಗೆ ಅಂಟಿಸಿಬಿಡಿ. ತಾನಾಗಿ ಬೆಳಕು ಸರಿಪಡಿಸುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ, ಇಲ್ಲವಾದರೆ ಕಪ್ಪು ಜಾಸ್ತಿ ಇರುವ ಹಾಳೆ ಒಂದು ಬಗೆ, ಕಡಿಮೆ ಇರುವುದು ಇನ್ನೊಂದು ಬಗೆ ಬಂದು ಸಿನಿಮಾ ಮಿನುಗುತ್ತದೆ. ಹಾಳೆ ತಾನಾಗಿ ಎಳೆದುಕೊಳ್ಳುವ ಸ್ಕ್ಯಾನರ್ ಪ್ರತಿ ಹಾಳೆಯನ್ನೂ ಕೂದಲೆಳೆ ಓರೆ ಮಾಡುತ್ತದೆ, ಅದು ಪೆನ್ಸಿಲ್ ಪರೀಕ್ಷೆಗೆ, ಅಂದರೆ ಒರಟು ಚಿತ್ರಗಳ ಚಲನೆ ನೋಡುವುದಕ್ಕೆ, ಮಾತ್ರ. ಫೈಲ್ ಹೆಸರಿನಲ್ಲಿ ಶಾಟ್, ಲೇಯರ್, ಆಮೇಲೆ ನಾಲ್ಕಂಕಿಯ ಸಂಖ್ಯೆ: 0001, 0002 ಎಂದೇ ಬರೆಯಿರಿ. ಬರೀ 1, 2 ಎಂದು ಬರೆದರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ 1 ಆದಮೇಲೆ 10 ಬಂದು ಕೂರುತ್ತದೆ. 2016ರಿಂದ ಉಚಿತವಾಗಿ ಸಿಗುವ ಅನಿಮೇಷನ್ ಸಾಫ್ಟ್‌ವೇರ್ ಓಪನ್‌ಟೂನ್ಜ್‌ನಲ್ಲಿ ಸ್ಕ್ಯಾನ್ ಶುದ್ಧ ಮಾಡುವ, ಪೆಗ್ ತೂತು ನೋಡಿ ಹಾಳೆ ಹೊಂದಿಸುವ, ಎಕ್ಸ್‌ಪೋಷರ್ ಶೀಟ್ ತುಂಬುವ ಸೌಲಭ್ಯ ಎಲ್ಲ ಇದೆ.

ಇದ್ದಿಲಿಗೆ ಕ್ಯಾಮೆರಾವೇ ಆಗಬೇಕು, ನೆತ್ತಿಯ ಮೇಲಿಂದ ನೇರ ಕೆಳಕ್ಕೆ ನೋಡುವಂತೆ. ಕ್ರಾಪ್ ಸೆನ್ಸರ್ (ಸಣ್ಣ ಸೆನ್ಸರಿನ) ಕ್ಯಾಮೆರಾಕ್ಕೆ 50 ಮಿ.ಮೀ. ಲೆನ್ಸ್ ಹಾಕಿದರೆ ಎ4 ಹಾಳೆಗೆ ಸುಮಾರು 70 ಸೆಂ.ಮೀ. ಎತ್ತರ. ಕ್ಯಾಮೆರಾ ನೆಟ್ಟಗಿದೆಯೇ ಎಂದು ನೋಡಲು ಹಾಳೆಯ ಜಾಗದಲ್ಲಿ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಪರದೆಯ ನಟ್ಟನಡುವೆ ಕಂಡರೆ ಸರಿ. ಎರಡೂ ಕಡೆಯಿಂದ 45 ಡಿಗ್ರಿಯಲ್ಲಿ ಒಂದೇ ಬಗೆಯ ದೀಪ. ಎಲ್ಲವೂ ಮ್ಯಾನ್ಯುವಲ್: ಐಎಸ್‌ಒ 100, ಎಫ್8, ಕಾಲು ಸೆಕೆಂಡು, ಕೆಲ್ವಿನ್ ಸಂಖ್ಯೆ ಕೊಟ್ಟು ನಿಲ್ಲಿಸಿದ ವೈಟ್ ಬ್ಯಾಲೆನ್ಸ್, ಕೈಯಲ್ಲೇ ಫೋಕಸ್. ನಮ್ಮ ಕರೆಂಟು 50 ಹರ್ಟ್ಜ್, ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಶಟರ್ ಕಾಲು ಸೆಕೆಂಡು ತೆರೆದರೆ ಆ ಏರಿಳಿತ ಸಮವಾಗುತ್ತದೆ, 1/200ರಲ್ಲಿ ತೆಗೆದರೆ ಫೋಟೊದಿಂದ ಫೋಟೊಗೆ ಬೆಳಕು ಬದಲಾಗುವ ಸಾಧ್ಯತೆ ಇದೆ.

ಆದರೂ ಮಿನುಗಿದರೆ ಅನುಮಾನ ಲೆನ್ಸಿನ ಮೇಲೆ. ಎಲೆಕ್ಟ್ರಾನಿಕ್ ಲೆನ್ಸ್ ಪ್ರತಿ ಸಲವೂ ದ್ವಾರವನ್ನು ಕಿರಿದು ಮಾಡುವಾಗ ಒಂದಿಷ್ಟು ಹೆಚ್ಚು ಕಡಿಮೆ ಆಗುತ್ತದೆ. ಬಿಡಿ ಫೋಟೊದಲ್ಲಿ ಕಾಣದ ಆ ವ್ಯತ್ಯಾಸ ಸಾಲಾಗಿ ಓಡಿಸಿದಾಗ ಎದ್ದು ಕಾಣುತ್ತದೆ. ಕೈಯಿಂದ ಅಪರ್ಚರ್ ತಿರುಗಿಸುವ ಹಳೆಯ ಲೆನ್ಸ್ ಅಡಾಪ್ಟರ್ ಹಾಕಿ ಬಳಸಿದರೆ ಈ ಕಾಟವಿಲ್ಲ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಮಳೆಗಾಲದ ಮೋಡ ಐದೈದು ನಿಮಿಷಕ್ಕೆ ಬೆಳಕು ಬದಲಿಸುತ್ತದೆ. ಬಿಡಿಸುವವರು ಕಪ್ಪು ಅಂಗಿ ಹಾಕಿಕೊಳ್ಳಿ, ಬಿಳಿ ಅಂಗಿಯ ಬೆಳಕು ಹಾಳೆಯ ಮೇಲೆ ಬೀಳುತ್ತದೆ. ಮರದ ಹಲಗೆಯ ಅಟ್ಟದಲ್ಲಿ ಸ್ಟ್ಯಾಂಡ್ ಹೂಡಬೇಡಿ, ಒಬ್ಬರು ನಡೆದರೂ ಚೌಕಟ್ಟು ಅಲುಗುತ್ತದೆ. ನೆಲ ಅಂತಸ್ತಿನ ಸಿಮೆಂಟು ನೆಲವೇ ಸರಿ. ಗುಡುಗು ಮಿಂಚಿಗೆ ಕರೆಂಟ್ ಹೋಗಿ ಬಂದಾಗ ಕ್ಯಾಮೆರಾದ ಸೆಟ್ಟಿಂಗ್ ಹಾಗೇ ಇದೆಯೇ ಎಂದು ನೋಡದೆ ಮುಂದಿನ ಫೋಟೊ ತೆಗೆಯಬೇಡಿ. ದೀಪ, ಕ್ಯಾಮೆರಾ, ಕಂಪ್ಯೂಟರ್ ಮೂರೂ ಯುಪಿಎಸ್ ಮೇಲಿರಲಿ.

ಸದ್ದು, ಬಾಯಿ, ಪರದೆ

ಮಾತು ಮೊದಲು ರೆಕಾರ್ಡ್ ಆಗಬೇಕು, ಚಿತ್ರ ಆಮೇಲೆ. ಕನ್ನಡಕ್ಕೆ ಐದಾರು ಬಾಯಿ ಸಾಕು: ಪ, ಬ, ಮ ಅಕ್ಷರಗಳಿಗೆ ಮುಚ್ಚಿದ ತುಟಿ, ಆಕ್ಕೆ ತೆರೆದದ್ದು, ಇ, ಎಗೆ ಅಗಲಿಸಿದ್ದು, ಉ, ಒಗೆ ದುಂಡಗಿನದು, ವಕಾರಕ್ಕೆ ಹಲ್ಲು ಕೆಳತುಟಿಗೆ ತಾಗಿದ್ದು, ಉಳಿದ ವ್ಯಂಜನಗಳಿಗೆ ಅರೆ ತೆರೆದದ್ದು. ಮುಚ್ಚಿದ ತುಟಿ ಕನಿಷ್ಠ 2 ಫ್ರೇಮ್ ನಿಲ್ಲಬೇಕು, ಸದ್ದಿಗಿಂತ ಒಂದು ಫ್ರೇಮ್ ಮೊದಲೇ ಬರಬೇಕು. ನಮ್ಮ ಮಾತುಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ವಾಕ್ಯದ ಕೊನೆಗೆ ಬಾಯಿ ತೆರೆದೇ ಇರುತ್ತದೆ. ಅದು ಮುಚ್ಚಲು ನಾಲ್ಕಾರು ಫ್ರೇಮ್ ಕೊಡಿ. ಕೊಡದೆ ಹಾಗೇ ತೆರೆದು ಬಿಟ್ಟರೆ ಆ ಪಾತ್ರ ಬದುಕಿಲ್ಲ ಅನ್ನಿಸುತ್ತದೆ. ಹಾಗೆ ಅನ್ನಿಸಬೇಕಾದ ಪಾತ್ರ ನಿಮ್ಮ ಕಥೆಯಲ್ಲಿದ್ದರೆ ಅದಕ್ಕೇ ಈ ತೆರೆದ ಬಾಯಿ ಮೀಸಲಿಡಿ.

ಸದ್ದುಗಳನ್ನು ಊರಿನಿಂದಲೇ ತೆಗೆಯಿರಿ, 48 ಕಿಲೋಹರ್ಟ್ಜ್, 24 ಬಿಟ್, ಗರಿಷ್ಠ ಮಟ್ಟ ಮೈನಸ್ 12 ಡೆಸಿಬೆಲ್ ದಾಟದಂತೆ. ಹಂಚಿನ ಮೇಲಿನ ಮಳೆ, ತಗಡಿನ ಮೇಲಿನ ಮಳೆ, ಅಡಿಕೆ ಸೋಗೆಯ ಮೇಲಿನ ಮಳೆ ಮೂರೂ ಬೇರೆ, ಮೂರನ್ನೂ ಬೇರೆಯಾಗಿ ಹಿಡಿದಿಟ್ಟುಕೊಳ್ಳಿ. ಒಣಗಿದ ಅಡಿಕೆ ಹಾಳೆಯನ್ನು ಮೈಕಿನ ಹತ್ತಿರ ನಿಧಾನಕ್ಕೆ ಬಗ್ಗಿಸಿದರೆ ಮೂಳೆ ಮುರಿಯುವ ಸದ್ದು ಬರುತ್ತದೆ, ನೆಲದ ಮೇಲೆ ಎಳೆದರೆ ಯಾರೋ ತೆವಳಿದಂತೆ. ಬಾವಿಯ ರಾಟೆ ಒಂದು ಸಲ ಕೇಳಿದರೆ ಸಾಕು, ಪ್ರತಿ ದೃಶ್ಯಕ್ಕೂ ಹಾಕಿದರೆ ಸವೆದುಹೋಗುತ್ತದೆ.

ಕೊನೆಗೆ ಪರದೆ. ಕತ್ತಲ ಚಿತ್ರಗಳು ಬಿಡಿಸುವ ಕೋಣೆಯ ಒಳ್ಳೆಯ ಮಾನಿಟರ್‌ನಲ್ಲಿ ಅದ್ಭುತವಾಗಿ ಕಾಣುತ್ತವೆ, ಮೊಬೈಲ್‌ನಲ್ಲಿ ಕೆಸರು. ರಾತ್ರಿಯ ಹಿನ್ನೆಲೆಯನ್ನು ಶೇ 12ರಿಂದ 20ರಷ್ಟು ಬೆಳಕಿನಲ್ಲಿ ಇರಿಸಿ, ಪೂರ್ತಿ ಕಪ್ಪನ್ನು ಬಾವಿಯ ಬಾಯಿಗೋ ಬಾಗಿಲ ಸಂದಿಗೋ ಉಳಿಸಿಕೊಳ್ಳಿ. ನಯವಾದ ಕಪ್ಪು ಇಳಿಜಾರು ನೆರಳುಗಳು ಅಪ್‌ಲೋಡ್ ಆದಮೇಲೆ ಪಟ್ಟೆಪಟ್ಟೆಯಾಗುತ್ತವೆ, ಕಾಗದದ ಸಣ್ಣ ಕಣಗಳು ಉಳಿದಿದ್ದರೆ ಅಷ್ಟು ಆಗುವುದಿಲ್ಲ. ಆದರೆ ಪ್ರತಿ ಫ್ರೇಮಿಗೂ ಕುದಿಯುವ ಇದ್ದಿಲ ಕಣ ವಿಡಿಯೊದ ಬಿಟ್‌ರೇಟ್ (ಸೆಕೆಂಡಿಗೆ ಮೀಸಲಾದ ಡೇಟಾ) ತಿಂದು ಮುಖಗಳನ್ನೇ ಚೌಕಚೌಕ ಮಾಡುತ್ತದೆ. ಯೂಟ್ಯೂಬ್‌ಗಾದರೆ 1080ರಲ್ಲಿ ಮಾಡಿದ್ದನ್ನೂ 4ಕೆಗೆ ಹಿಗ್ಗಿಸಿ ಏರಿಸಿ, ಅದಕ್ಕೆ ಅಲ್ಲಿ ಹೆಚ್ಚು ಬಿಟ್‌ರೇಟ್ ಸಿಗುತ್ತದೆ. ಚಿತ್ರೋತ್ಸವಕ್ಕೆ ಡಿಸಿಪಿ (ಚಿತ್ರಮಂದಿರದಲ್ಲಿ ಓಡಿಸುವ ಡಿಜಿಟಲ್ ಪ್ರತಿ) ಕೇಳಿದರೆ 24 ಫ್ರೇಮ್, 1998 × 1080. ನಿಮ್ಮ 16:9 ಚಿತ್ರದ ಎಡಬಲ ತಲಾ 39 ಪಿಕ್ಸೆಲ್ ಕಪ್ಪು ಉಳಿಯುತ್ತದೆ, ಅದನ್ನು ತುಂಬಲೆಂದು ಚಿತ್ರವನ್ನು ಎಳೆಯಬೇಡಿ. ಕಳಿಸುವ ಮೊದಲು ಒಮ್ಮೆ ಅಗ್ಗದ ಮೊಬೈಲ್‌ನಲ್ಲಿ, ಅರ್ಧ ಬ್ರೈಟ್‌ನೆಸ್‌ನಲ್ಲಿ, ಟ್ಯೂಬ್‌ಲೈಟ್ ಹಾಕಿಕೊಂಡು ಪೂರ್ತಿ ನೋಡಿ. 145ನೇ ಫ್ರೇಮಿನಲ್ಲಿ ದೀಪದ ಕುಡಿ ನಿಂತದ್ದು ಅಲ್ಲಿಯೂ ಗೊತ್ತಾಗುವಂತಿರಬೇಕು. ಗೊತ್ತಾಗದಿದ್ದರೆ ಕುಡಿಯ ನಾಲ್ಕು ಚಿತ್ರಗಳ ನಡುವಿನ ವ್ಯತ್ಯಾಸವನ್ನು ಸ್ವಲ್ಪ ಹೆಚ್ಚಿಸಿ ಮತ್ತೆ ಬಿಡಿಸಿ.